ಚುಕ್ಕಿ ಮಗುವೇ ಇಡಲಿ

ರಂಗೋಲಿ ಕಲಿಸುತ್ತೇವೆ ಅಂತ ಅಂಗಡಿಯಿಂದ ತೂತಿನ ಅಚ್ಚು ತಂದು, ಅದರ ಮೇಲೆ ಪುಡಿ ಉದುರಿಸಿ, ಮಕ್ಕಳ ಕೈಯಲ್ಲಿ ಬಣ್ಣ ತುಂಬಿಸುವವರನ್ನು ಕಂಡರೆ ಸಂಕಟವಾಗುತ್ತದೆ. ರೇಖಾಗಣಿತ ಇರುವುದೇ ಚುಕ್ಕಿ ಇಡುವುದರಲ್ಲಿ. ಅಚ್ಚು ಕೊಟ್ಟರೆ ಆ ಕೆಲಸವನ್ನೇ ಮಗುವಿನಿಂದ ಕಿತ್ತುಕೊಂಡ ಹಾಗೆ.

7ರಿಂದ 4 ಸಂದು ಚುಕ್ಕಿಯನ್ನೇ ತಗೊಳ್ಳಿ, ಅಂದರೆ ನಡುವಿನ ಸಾಲಿಗೆ 7 ಚುಕ್ಕಿ, ಆಚೀಚೆ ಸಾಲಿಗೊಂದು ಕಮ್ಮಿಯಾಗುತ್ತ 4ರವರೆಗೆ, ಚುಕ್ಕಿ ಬೀಳುವುದು ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ. ಎಂಟು-ಒಂಬತ್ತು ವರ್ಷದ ಮಗುವಿನ ಕೈಗೆ ಸರಿಯಾಗಿ ಬರುತ್ತೆ. ಬೇಕಾದ್ದು ಒಂದು ಸೀಮೆಸುಣ್ಣ, ತೆಂಗಿನ ಪೊರಕೆಯ ಕಡ್ಡಿ ಮುರಿದು ಮಾಡಿದ 6 ಸೆಂ.ಮೀ. ಉದ್ದದ ಮೂರು ತುಂಡು. ಮೊದಲು ನಡುವಿನ ಸಾಲು, ಕಡ್ಡಿಯಷ್ಟು ಅಂತರ ಬಿಟ್ಟು 7 ಚುಕ್ಕಿ. ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಒಂದು ಕಡ್ಡಿ ಮಲಗಿಸಿ, ಉಳಿದೆರಡನ್ನು ಆ ಚುಕ್ಕಿಗಳಿಂದ ಮೇಲಕ್ಕೆ ಓರೆಯಾಗಿಟ್ಟು ತುದಿಗೆ ತುದಿ ಕೂಡಿಸಲಿ. ಕೂಡಿದ ಜಾಗದಲ್ಲಿ ಮೇಲಿನ ಸಾಲಿನ ಚುಕ್ಕಿ. ಸಮಬಾಹು ತ್ರಿಭುಜ ಅನ್ನೋ ಹೆಸರು ಆಮೇಲೆ ಹೇಳಿದರಾಯಿತು. ಹೀಗೇ 6, 5, 4; ಕೆಳಗೂ ಅಷ್ಟೇ. ಒಟ್ಟು 37 ಚುಕ್ಕಿ, ಆರು ಮೂಲೆಯ ಆಕಾರ. ನಡುವಿನ ಚುಕ್ಕಿಯಿಂದ ಸುತ್ತು ಸುತ್ತಾಗಿ ಎಣಿಸಿದರೂ 1, 6, 12, 18, ಅದೇ 37.

ಅಂಚಿನ ಸಾಲಿನಿಂದ ಶುರು ಮಾಡಬೇಡಿ. ಸಣ್ಣ ತಪ್ಪು ಏಳು ಸಾಲು ದಾಟುವಷ್ಟರಲ್ಲಿ ದೊಡ್ಡದಾಗಿ ಇಡೀ ರಂಗೋಲಿ ವಾಲುತ್ತದೆ. ನಡುವಿನಿಂದ ಹೊರಟರೆ ಆಚೆ ಮೂರು, ಈಚೆ ಮೂರು ಸಾಲು ಅಷ್ಟೇ. ಪುಡಿಯೂ ಮೊದಲಿಗೆ ಬೇಡ, ಚುಕ್ಕಿ ದಪ್ಪವಾಗಿ ಅದರ ನಡು ಎಲ್ಲಿ ಅಂತಲೇ ತಿಳಿಯುವುದಿಲ್ಲ.

ಎಲ್ಲ ಮಕ್ಕಳೂ ಮಾಡುವ ತಪ್ಪೊಂದಿದೆ: ಕಡ್ಡಿ ಬಿಟ್ಟು ಕಣ್ಣಂದಾಜಿನಲ್ಲಿ ಸಾಲಿಂದ ಸಾಲಿಗೂ 6 ಸೆಂ.ಮೀ. ಬಿಡುವುದು. ಬಿಡಬೇಕಾದ್ದು ಸುಮಾರು 5.2. 6 ಬಿಟ್ಟರೆ ಓರೆ ಅಂತರ 6.7 ಆಗಿ, ನಡುವಿನ ಚುಕ್ಕಿಯಿಂದ ಸುತ್ತಲಿನ ಆರು ಚುಕ್ಕಿಗೆ ಬಿಡಿಸಿದ ಆರೆಸಳಿನ ಹೂವು ಮೇಲಕ್ಕೆ ಜಗ್ಗಿದ ಹಾಗೆ ಕಾಣುತ್ತದೆ. ಆಗ ನೀವು ತಿದ್ದಲು ಹೋಗಬೇಡಿ. "ಈ ಅಡ್ಡ ಎಸಳಿನ ಮೇಲೆ ಕಡ್ಡಿ ಇಡು ಪುಟ್ಟಾ, ಈಗ ಓರೆ ಎಸಳಿನ ಮೇಲೆ ಇಡು" ಅಂದರೆ ಸಾಕು, ತಪ್ಪು ಎಲ್ಲಿದೆ ಅಂತ ಕಡ್ಡಿಯೇ ತೋರಿಸುತ್ತೆ.

7 ಚುಕ್ಕಿಯ ಸಾಲು ಎಷ್ಟು ಉದ್ದ ಅಂತಲೂ ಕೇಳಿ. 42 ಅನ್ನುವ ಮಕ್ಕಳೇ ಹೆಚ್ಚು. ಅಳೆದರೆ 36! ಚೌಕಾಬಾರದ ಮಣೆ ಬರೆಯುವಾಗಲೂ ಇದೇ ಎಡವಟ್ಟು, 5 ಮನೆಗೆ 5 ಗೆರೆ ಎಳೆದು ಒಂದು ಮನೆ ಕಮ್ಮಿ ಬಿತ್ತು ಅಂತಾರೆ. ಗೆರೆ 6 ಬೇಕು.

ಹತ್ತು ವರ್ಷ ದಾಟಿದವರಿಗೆ ನೇರ ಚುಕ್ಕಿಯ ಎಳೆ ರಂಗೋಲಿ ಕೊಡಿ: ಚುಕ್ಕಿಗಳು ಒಂದರ ಕೆಳಗೊಂದು ನೇರವಾಗಿ, ಅವುಗಳ ಸುತ್ತ ಬಳುಕಿ ಹೋಗುವ ಗೆರೆಯೇ ಎಳೆ. ಗೆರೆ ಚುಕ್ಕಿಯನ್ನು ಮುಟ್ಟಬಾರದು. ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಎರಡು ಚುಕ್ಕಿಗಳ ಸರಿ ನಡುವೆ ಓರೆಯಾಗಿ ದಾಟಬೇಕು, ಅಂಚಿಗೆ ಬಂದಾಗ ಕೊನೆಯ ಚುಕ್ಕಿಯನ್ನು ಸುತ್ತಿ ಒಳಕ್ಕೆ ತಿರುಗಬೇಕು. 2 ಸಾಲು, ಸಾಲಿಗೆ 3 ಚುಕ್ಕಿ ಇಟ್ಟರೆ ಒಂದೇ ಎಳೆ ಆರನ್ನೂ ಸುತ್ತಿ ಹೊರಟಲ್ಲಿಗೇ ಬರುತ್ತದೆ. 3 ಸಾಲಿಗೆ 4 ಚುಕ್ಕಿ ಇಟ್ಟರೂ ಒಂದೇ ಎಳೆ. 3ಕ್ಕೆ 3 ಇಟ್ಟರೆ ಮಾತ್ರ ಮೂರು ಎಳೆ ಬೇಕು, 4ಕ್ಕೆ 6 ಇಟ್ಟರೆ ಎರಡು. ಎಳೆಗಳ ಸಂಖ್ಯೆ ಆ ಎರಡು ಸಂಖ್ಯೆಗಳ ಮ.ಸಾ.ಅ., ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ! ದಯವಿಟ್ಟು ಇದನ್ನು ಮೊದಲೇ ಹೇಳಿಬಿಡಬೇಡಿ. ನಾಲ್ಕೈದು ಬಿಡಿಸಿ ಪಟ್ಟಿ ಮಾಡಲಿ, ತಾವೇ ಹಿಡಿಯುತ್ತಾರೆ.

ಲೆಕ್ಕ ಕೂಡಿ ಬರದಿದ್ದರೆ ಗೆರೆ ಎಲ್ಲೋ ದಾಟುವ ಕಡೆ ದಾಟದೆ ಹಿಂದಕ್ಕೆ ತಿರುಗಿದೆ ಅಂತ ಅರ್ಥ. 2ಕ್ಕೆ 3ರಲ್ಲಿ ಎಳೆ ತನ್ನನ್ನೇ ದಾಟುವ ಜಾಗ 7 ಇರಬೇಕು, 3ಕ್ಕೆ 4ರಲ್ಲಿ 17. ಬೆರಳಿಟ್ಟು ಎಣಿಸಲಿ. 4ಕ್ಕೆ 6 ಬಿಡಿಸುವ ದಿನ ಎರಡು ಬಣ್ಣದ ಸೀಮೆಸುಣ್ಣ ಕೊಡಿ, ಯಾವ ಎಳೆ ಯಾವುದು ಅಂತ ದೂರದಿಂದಲೂ ಕಾಣುತ್ತೆ.