ಎಫ್‌ಎಸ್‌ಸಿಕೆಗೆ ಟಿಕ್ ಹಾಕಿದ ಮಾತ್ರಕ್ಕೆ ಚೆಕ್ ಆಗಲ್ಲ

ಪುಟ್ಟ ಲಿನಕ್ಸ್ ಬೋರ್ಡ್‌ಗಳಿಗೆ ಬೇಕಾದ ಕಮಾಂಡ್‌ಗಳನ್ನು ಒಂದೇ ಪ್ರೋಗ್ರಾಂನಲ್ಲಿ ಕೊಡುವ ಬಿಜಿಬಾಕ್ಸ್‌ನ ಮೆನುವಿನಲ್ಲಿ ಎಫ್‌ಎಸ್‌ಸಿಕೆ ಅಂತ ಒಂದು ಸಾಲಿದೆ, ಫೈಲ್‌ಸಿಸ್ಟಂ ಕೆಟ್ಟಿದೆಯಾ ಅಂತ ಚೆಕ್ ಮಾಡಿ ಸರಿಮಾಡುವ ಕಮಾಂಡ್. ಅದಕ್ಕೊಂದು ಟಿಕ್ ಹಾಕಿ, ಇನ್ನು ಕರೆಂಟ್ ಹೋದರೂ ಚಿಂತೆಯಿಲ್ಲ ಅಂತ ಬೋರ್ಡ್ ಕಳಿಸಿಬಿಡುತ್ತಾರೆ. ಆ ಎಫ್‌ಎಸ್‌ಸಿಕೆ ಬರೀ ಮೇಸ್ತ್ರಿ ಕಣ್ರೀ. ಇಎಕ್ಸ್‌ಟಿ4 (ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಂ) ಪಾರ್ಟಿಷನ್ ಕಂಡರೆ ‘ಎಫ್‌ಎಸ್‌ಸಿಕೆ ಡಾಟ್ ಇಎಕ್ಸ್‌ಟಿ4’ ಎಂದು ಆಳನ್ನು ಕೂಗುತ್ತದೆ, ಬೋರ್ಡಿಗೆ ಹಾಕಿದ ಸಿಸ್ಟಂ ಇಮೇಜಿನಲ್ಲಿ ಆ ಆಳೇ ಇರುವುದಿಲ್ಲ. ಬಿಜಿಬಾಕ್ಸ್ ಒಳಗೇ ಬರುವ ಚೆಕ್ಕರ್ ಮಿನಿಕ್ಸ್ ಎಂಬ ಹಳೆಯ ಫೈಲ್‌ಸಿಸ್ಟಂಗೆ ಮಾತ್ರ. ಅದರ ಫಾರ್ಮ್ಯಾಟ್ ಕಮಾಂಡ್ ಎಂಕೆಇ2ಎಫ್‌ಎಸ್ ಕೂಡ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲದ ಇಎಕ್ಸ್‌ಟಿ2 ಮಾಡಿಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಬೋರ್ಡಿನ ಇಮೇಜ್ ಕಟ್ಟಿಕೊಡುವ ಬಿಲ್ಡ್‌ರೂಟ್ ಬಳಸುವವರು ಟಾರ್ಗೆಟ್ ಪ್ಯಾಕೇಜಸ್ ಒಳಗಿನ ಫೈಲ್‌ಸಿಸ್ಟಂ ಮತ್ತು ಫ್ಲ್ಯಾಶ್ ಯುಟಿಲಿಟಿಗಳ ಮೆನುಗೆ ಹೋಗಿ ಇ2ಎಫ್‌ಎಸ್‌ಪ್ರಾಗ್ಸ್ ಆರಿಸಿ; ಇಎಕ್ಸ್‌ಟಿ4ರ ಆಳು ಬರುವುದು ಇದರಲ್ಲೇ. ಫೈಲ್‌ಸಿಸ್ಟಂ ಗಾತ್ರ ಬದಲಿಸುವ ರೀಸೈಜ್2ಎಫ್‌ಎಸ್‌ಗೆ ಬೇರೆ ಟಿಕ್ ಬೇಕು. ಬೂಟ್ ಪಾರ್ಟಿಷನ್ ಫ್ಯಾಟ್ ಆಗಿದ್ದರೆ ಡಾಸ್‌ಎಫ್‌ಎಸ್‌ಟೂಲ್ಸ್ ಆರಿಸಿ, ಅದರ ಕೆಳಗಿರುವ ಎಫ್‌ಎಸ್‌ಸಿಕೆ ಡಾಟ್ ಫ್ಯಾಟ್‌ಗೂ ಟಿಕ್ ಹಾಕಿ. ಪಾರ್ಟಿಷನ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನ ಆರನೇ ಕಾಲಂ 0 ಇದ್ದರೆ, ಎಲ್ಲವನ್ನೂ ಚೆಕ್ ಮಾಡು ಅಂತ ಎಫ್‌ಎಸ್‌ಸಿಕೆಗೆ ‘-ಎ’ (ದೊಡ್ಡಕ್ಷರ) ಕೊಟ್ಟಾಗ ಆ ಪಾರ್ಟಿಷನ್ ಕಡೆ ಯಾರೂ ತಿರುಗಿಯೂ ನೋಡಲ್ಲ. ಸಿಸ್ಟಂ ಇರುವ ರೂಟ್ ಪಾರ್ಟಿಷನ್‌ಗೆ 1, ಉಳಿದವಕ್ಕೆ 2.

ಹೆಚ್ಚು ಬೋರ್ಡ್‌ಗಳನ್ನು ಮಲಗಿಸುವುದು ಎಕ್ಸಿಟ್ ಕೋಡ್, ಅಂದರೆ ಎಫ್‌ಎಸ್‌ಸಿಕೆ ಕೆಲಸ ಮುಗಿಸಿ ಹಿಂತಿರುಗಿಸುವ ಅಂಕಿ. ಸೊನ್ನೆ ಅಲ್ಲದ್ದೆಲ್ಲ ಎರರ್ ಅಂತ ಸ್ಕ್ರಿಪ್ಟ್ ಬರೆದಿರುತ್ತಾರೆ. ಆದರೆ 1 ಅಂದರೆ ತಪ್ಪು ಸಿಕ್ಕಿತ್ತು, ಸರಿಮಾಡಿದ್ದೇನೆ ಅಂತ! 2 ಬಂದರೆ ರೀಬೂಟ್ ಮಾಡಿ, 4 ಬಂದರೆ ಸರಿಯಾಗದೆ ಉಳಿದಿದೆ, 8 ಬಂದರೆ ಚೆಕ್ ಮಾಡಲಿಕ್ಕೇ ಆಗಲಿಲ್ಲ. ಇವು ಬಿಟ್‌ಗಳು, ಕೂಡಿಕೊಂಡು 3 ಅಂತಲೂ ಬರುತ್ತವೆ. ‘ಸಮ’ ಅಂತ ಹೋಲಿಸಬೇಡಿ, ಬಿಟ್ ನೋಡಿ. ಮನುಷ್ಯರೇ ಇಲ್ಲದ ಕಡೆ ಕೂರುವ ಬೋರ್ಡಾದರೆ ಮೊದಲು ‘-ಪಿ’ (ಅಪಾಯವಿಲ್ಲದ್ದನ್ನು ಕೇಳದೆ ಸರಿಮಾಡು), 4ರ ಬಿಟ್ ಇದ್ದರೆ ಒಂದು ಸಲ ‘-ವೈ’ (ಎಲ್ಲ ಪ್ರಶ್ನೆಗೂ ಹೌದು). ಕೀಬೋರ್ಡೇ ಇಲ್ಲದ ಬೋರ್ಡು ‘ಸರಿಮಾಡಲಾ?’ ಅಂತ ಕೇಳಿ ಯಾರ ಉತ್ತರಕ್ಕೆ ಕಾಯಬೇಕು?

ಆರ್‌ಟಿಸಿ (ಕರೆಂಟ್ ಇಲ್ಲದಾಗಲೂ ಓಡುವ ಗಡಿಯಾರ) ಬ್ಯಾಟರಿ ಇಲ್ಲದ ಬೋರ್ಡ್ 1970ರಲ್ಲಿ ಕಣ್ಣುಬಿಡುತ್ತದೆ. ಫೈಲ್‌ಸಿಸ್ಟಂನ ವಿವರ ಬರೆದಿರುವ ಸೂಪರ್‌ಬ್ಲಾಕ್‌ನಲ್ಲಿರುವ ಕೊನೆಯ ಮೌಂಟ್ (ಬಳಕೆಗೆ ಜೋಡಿಸಿದ) ಸಮಯ ಅದಕ್ಕೆ ಇನ್ನೂ ಬಾರದ ಕಾಲ, ಇಎಕ್ಸ್‌ಟಿ4ರ ಚೆಕ್ಕರ್ ಇ2ಎಫ್‌ಎಸ್‌ಸಿಕೆ ಅದನ್ನೇ ತಪ್ಪೆಂದು ಹಿಡಿಯುತ್ತದೆ. ಇಟಿಸಿ ಫೋಲ್ಡರಿನಲ್ಲಿ ಇ2ಎಫ್‌ಎಸ್‌ಸಿಕೆ ಡಾಟ್ ಕಾನ್ಫ್ ಫೈಲ್ ಮಾಡಿ, ಆಪ್ಷನ್ಸ್ ವಿಭಾಗದಲ್ಲಿ ‘ಬ್ರೋಕನ್_ಸಿಸ್ಟಂ_ಕ್ಲಾಕ್ = ಟ್ರೂ’ ಬರೆಯಿರಿ.

ಇನ್ನೊಂದು ಪೇಚು ವರ್ಷನ್‌ದು. 2023ರ ಇ2ಎಫ್‌ಎಸ್‌ಪ್ರಾಗ್ಸ್ 1.47.0 ಆರ್ಫನ್_ಫೈಲ್ ಫೀಚರನ್ನು ತಾನೇ ಆನ್ ಮಾಡುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡನ್ನು ಬೋರ್ಡಿನ ಹಳೆಯ ಇ2ಎಫ್‌ಎಸ್‌ಸಿಕೆಗೆ ಕೊಟ್ಟರೆ ‘ಫೀಚರ್_ಸಿ12’ (ಆರ್ಫನ್_ಫೈಲೇ) ಗೊತ್ತಿಲ್ಲ ಅಂತ ಕೈ ಎತ್ತುತ್ತದೆ. ಆ ಫೀಚರ್ ಗೊತ್ತಿಲ್ಲದ ಕರ್ನಲ್ ಕೂಡ ಇದೊಂದರ ಬಗ್ಗೆ ತಕರಾರು ತೆಗೆಯದೆ ಮೌಂಟ್ ಮಾಡುವುದರಿಂದ ಟೆಸ್ಟ್ ಬೆಂಚಿನಲ್ಲಿ ಇದು ಕಣ್ಣಿಗೇ ಬೀಳಲ್ಲ. ಇದನ್ನೂ, ಇದರ ಜೊತೆಗೇ ಆನ್ ಆಗುವ ಇನ್ನೊಂದು ಫೀಚರನ್ನೂ ಆಫ್ ಮಾಡಲು ಫಾರ್ಮ್ಯಾಟ್ ಮಾಡುವಾಗಲೇ ‘-ಓ ^ಆರ್ಫನ್_ಫೈಲ್,^ಮೆಟಾಡೇಟಾ_ಸಿಎಸ್‌ಯುಎಂ_ಸೀಡ್’ ಕೊಡಿ (ಓ ದೊಡ್ಡಕ್ಷರ).

ನನ್ನನ್ನು ಕೇಳಿದರೆ, ರೂಟನ್ನು ಓದಲಿಕ್ಕೆ ಮಾತ್ರ ಬರುವ ಸ್ಕ್ವಾಶ್‌ಎಫ್‌ಎಸ್ ಮಾಡಿ, ಬರೆಯುವುದೆಲ್ಲ ಬೇರೆ ಡೇಟಾ ಪಾರ್ಟಿಷನ್‌ಗೆ ಹೋಗಲಿ. ಆಗ ರೂಟನ್ನು ಮೊದಲು ರೀಡ್-ಓನ್ಲಿ ಇಟ್ಟು, ಚೆಕ್ ಮುಗಿಸಿ, ಮತ್ತೆ ರೀಮೌಂಟ್ ಮಾಡುವ ಸರ್ಕಸ್ಸೇ ಇರಲ್ಲ; ಡೇಟಾವನ್ನು ಮೌಂಟ್‌ಗೆ ಮುಂಚೆ ಚೆಕ್ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು.