ಟೈರಿಗೂ ವಯಸ್ಸಾಗುತ್ತದೆ ಕಣ್ರೀ

ನಿನ್ನೆ ಸಂಜೆ ಪಕ್ಕದ ಮನೆಯವರು ನಮ್ಮ ಟ್ರೈಲರ್ (ಪ್ರವಾಸಕ್ಕೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ನೋಡಲು ಬಂದಿದ್ದರು. ಬಲಗಡೆ ಚಕ್ರದ ಮೇಲಿನ ಮಡ್‌ಗಾರ್ಡ್ ಕಿತ್ತು ಬಂದಿದೆ. ನಾನು ತಂದಿಟ್ಟಿದ್ದ ಟೈರಿನ ತುಂಡನ್ನು ಕೈಯಲ್ಲಿ ತಿರುಗಿಸಿ, "ಗ್ರಿಪ್ ಇನ್ನೂ ಹೊಸದರ ಹಾಗೇ ಇದೆಯಲ್ಲ, ಹೇಗೆ ಒಡೀತು?" ಅಂದರು. ಐದು ದಿನದಲ್ಲಿ ಈ ಮಾತು ಕೇಳಿದ್ದು ಇದು ನಾಲ್ಕನೇ ಸಲ. ಸಿಟ್ಟು ಬಂತು. ಅವರ ಮೇಲಲ್ಲ, ಈ ಮಾತಿನ ಮೇಲೆ.

ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಿಂದ ಯೂಟಾದ ಝಯಾನ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೆವು. ಬಾರ್‌ಸ್ಟೋ ದಾಟಿ ಮೊಹಾವಿ ಮರುಭೂಮಿಯಲ್ಲಿದ್ದೆವು. ಬೇಕರ್ ಊರಿಗೆ ಇನ್ನು ಹತ್ತು ಮೈಲಿ. 1913ರಲ್ಲಿ ಹತ್ತಿರದ ಡೆತ್ ವ್ಯಾಲಿಯಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತಲ್ಲ, ಅದರ ನೆನಪಿಗೆ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿರುವ ಊರು ಅದು. ರಸ್ತೆ ಎಷ್ಟು ಕಾದಿರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಹಿಂದಿನಿಂದ ಢಮ್ ಅಂತ ಸದ್ದು. ಆಮೇಲೆ ತಗಡಿಗೆ ಪಟಪಟ ಬಡಿದ ಹಾಗೆ. ಕನ್ನಡಿಯಲ್ಲಿ ಕಪ್ಪು ಪಟ್ಟಿಯೊಂದು ಹಾರಿದ್ದು ಕಂಡಿತು. ಜೋರಾಗಿ ಬ್ರೇಕ್ ಹಾಕದೆ, ಕಾಲು ಎತ್ತಿ, ಮೆಲ್ಲಗೆ ಬದಿಗೆ ತಂದೆ. ಒಂದೊಂದು ಬದಿಗೆ ಎರಡೆರಡು ಚಕ್ರ ಇರುವ ಟ್ರೈಲರ್ ಆದ್ದರಿಂದ ಬಚಾವಾದೆವು. ಸುತ್ತುತ್ತಿದ್ದ ಪಟ್ಟಿ ಮಾತ್ರ ಚಾಟಿಯ ಹಾಗೆ ಬೀಸಿ, ಮಡ್‌ಗಾರ್ಡ್ ಕಿತ್ತು, ಸಿಂಕಿನ ನೀರು ಹೋಗುವ ಪೈಪನ್ನೂ ಮುರಿದಿತ್ತು.

ಮಗಳನ್ನು ರಸ್ತೆಯಿಂದ ದೂರ ನಿಲ್ಲಿಸಿ ಸ್ಟೆಪ್ನಿ ಇಳಿಸಿದೆವು. ಮೊದಲು ನಟ್ಟು ಸಡಿಲ ಮಾಡಿದೆವು. ಟ್ರೈಲರ್ ಮಟ್ಟ ಮಾಡಲು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಬ್ಲಾಕ್‌ಗಳನ್ನು ಚೆನ್ನಾಗಿದ್ದ ಚಕ್ರದ ಮುಂದೆ ಜೋಡಿಸಿದೆವು. ನಾನು ಗಾಡಿಯನ್ನು ಒಂದಡಿ ಮುಂದೆ ಓಡಿಸಿದೆ. ಚೆನ್ನಾಗಿದ್ದ ಚಕ್ರ ಬ್ಲಾಕ್ ಹತ್ತಿತು, ಒಡೆದ ಚಕ್ರ ತಾನಾಗಿ ನೆಲ ಬಿಟ್ಟಿತು. ದೊಡ್ಡ ಲಾರಿ ಹಾದು ಹೋದಾಗಲೆಲ್ಲ ಇಡೀ ಟ್ರೈಲರ್ ತೂಗುತ್ತಿತ್ತು, ನಮ್ಮೆಜಮಾನರು ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ಆ ರಾತ್ರಿ ಲಾಸ್ ವೇಗಸ್ ಹತ್ತಿರ ತಂಗಿದಾಗ ಮೊಬೈಲ್ ಟಾರ್ಚ್ ಹಿಡಿದು ಟ್ರೈಲರ್ ಕೆಳಗೆ ಮಲಗಿದೆ. ಟೈರಿನ ಮೇಲೆ ಡಾಟ್ (DOT) ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳೇ ಅದರ ಜಾತಕ. ಎಷ್ಟೋ ಟೈರಿನಲ್ಲಿ ಅದು ಒಂದೇ ಬದಿಗೆ ಪೂರ್ತಿ ಇರುತ್ತದೆ, ನಮ್ಮದರಲ್ಲಿ ಒಳಗಡೆ ಇತ್ತು. ಧೂಳು ಒರೆಸಿದರೆ 3517. ಅಂದರೆ 2017ರ 35ನೇ ವಾರ. ಎಂಟು ವರ್ಷ ಹತ್ತಿರ! ಅಷ್ಟು ದೂರ ನಾವು ನಂಬಿಕೊಂಡು ಬಂದ ಸ್ಟೆಪ್ನಿಯೂ ಅದೇ ವಾರದ್ದು.

ಎರಡು ವರ್ಷದ ಹಿಂದೆ ಇದನ್ನು ನಮಗೆ ಮಾರಿದವರು ಗ್ರಿಪ್ ತೋರಿಸಿ "ನೋಡಿ, ಏನೂ ಸವೆದಿಲ್ಲ" ಅಂದಿದ್ದರು. ಹೇಗೆ ಸವೆಯುತ್ತದೆ ರೀ? ವರ್ಷದಲ್ಲಿ ಹನ್ನೊಂದು ತಿಂಗಳು ಬಿಸಿಲಲ್ಲಿ ನಿಂತಿರುವ ಗಾಡಿ ಅದು. ರಬ್ಬರ್ ಕಾಪಾಡಲು ಅದರೊಳಗೆ ಮೇಣ ಬೆರೆಸಿರುತ್ತಾರೆ. ಚಕ್ರ ಉರುಳಿ ರಬ್ಬರ್ ಮಡಿದು ಬಿಚ್ಚಿದರೆ ಆ ಮೇಣ ಮೇಲೆ ಬರುತ್ತದೆ. ನಿಂತೇ ಇದ್ದರೆ ಬರುವುದು ಕಮ್ಮಿ. ಟೈರ್ ಒಳಗೊಳಗೇ ಒಣಗುತ್ತದೆ. ಗ್ರಿಪ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ.

"ಊರಲ್ಲಿ ಹತ್ತು ವರ್ಷದ ಟೈರಿನಲ್ಲೇ ಓಡಿಸುತ್ತಾರಲ್ಲ" ಅಂತ ಒಬ್ಬ ಗೆಳೆಯರು ಮೆಸೇಜ್ ಮಾಡಿದ್ದಾರೆ. ಓಡಿಸುತ್ತಾರೆ. ಹೆದ್ದಾರಿ ಬದಿಯಲ್ಲಿ ಬಿದ್ದಿರುವ ಟೈರಿನ ಚೂರುಗಳೂ ಊರಲ್ಲಿ ಕಮ್ಮಿ ಇಲ್ಲ. ನನ್ನಪ್ಪ ಚಿತ್ರದುರ್ಗದಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಗಾಡಿ ನಿಲ್ಲಿಸಿದಾಗಲೆಲ್ಲ ರಾಡ್ ತಗೊಂಡು ಒಂದೊಂದು ಟೈರಿಗೂ ಬಡಿದು ಸದ್ದು ಕೇಳುತ್ತಿದ್ದರು. ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ನಿಂತ ಗಾಡಿ ಟೈರನ್ನ ನಂಬಬಾರದು ಅಂತ ಹೇಳಿರಲಿಲ್ವೇನಮ್ಮ?" ಹೇಳಿದ್ದರು. ನನಗೆ ಅಳು ಬಂತು.

ಇನ್ನೊಂದು ಒಪ್ಪಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ವೇಗದ ಮಿತಿ ಗಂಟೆಗೆ 55 ಮೈಲಿ. ನಾನು 65ರಲ್ಲಿದ್ದೆ. ಎಲ್ಲರೂ ಹಾಗೇ ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಕೂತಿದ್ದಳು. ಆದರೂ ಹೋಗುತ್ತಿದ್ದೆ.

ಮಾರನೆಯ ದಿನ ಸ್ಟೆಪ್ನಿ ಸೇರಿಸಿ ಐದೂ ಹೊಸದು ಹಾಕಿಸಿದೆವು. ತಾರೀಖಿನ ಬದಿ ಹೊರಗೆ ಬರಲಿ ಅಂತ ಕೇಳಿ ಹಾಕಿಸಿದೆ. 50 ಮೈಲಿ ಆದ ಮೇಲೆ ನಿಲ್ಲಿಸಿ ನಟ್ಟು ಮತ್ತೆ ಬಿಗಿ ಮಾಡಿದೆವು.

ನಿನ್ನೆ ಇಷ್ಟನ್ನೂ ಪಕ್ಕದ ಮನೆಯವರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ನನ್ನ ಟಾರ್ಚ್ ಇಸಕೊಂಡು ಹೋಗಿ ತಮ್ಮ ಟ್ರೈಲರ್ ಕೆಳಗೆ ಮಲಗಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿ ಹೇಳಿದರು: 1416. ಶನಿವಾರ ಅವರು ಮಕ್ಕಳ ಜೊತೆ ಹೊರಡುವವರಿದ್ದರು.