ಬ್ಯಾಶ್‌ಆರ್‌ಸಿಗೆ ಒಂದು ಸಾಲು ಹಾಕಿ, ಆಮೇಲೆ ದೇವರೇ ಗತಿ

ಇಂಜಿನಿಯರಿಂಗ್ ಕಾಲೇಜಿನ ಈ ಪೈಥಾನ್ ಲ್ಯಾಬ್ ಮ್ಯಾನ್ಯುಯಲ್ ಬರೆದ ಪುಣ್ಯಾತ್ಮರು ಯಾರಾದರೂ ಸಿಕ್ಕಿದರೆ ಒಂದು ಕಾಫಿ ಕೊಡಿಸಿ, ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಬೈಯಬೇಕು ಅಂತಿದ್ದೇನೆ.

ಇವತ್ತು ಬೆಳಿಗ್ಗೆ ಕುವೆಂಪುನಗರದ ನಮ್ಮ ಮನೆಗೆ ಹಿಂದಿನ ಬೀದಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಕೊನೇ ವರ್ಷದ ಇಂಜಿನಿಯರಿಂಗ್. ನನ್ನ ಲಿನಕ್ಸ್ ಹುಚ್ಚು ನಿಮಗೆ ಗೊತ್ತಿರುವಷ್ಟೇ ನಮ್ಮ ಬೀದಿಗೂ ಗೊತ್ತು. ಪೈಥಾನ್ ಭಾಷೆಯಲ್ಲಿ ಲೆಕ್ಕಾಚಾರಕ್ಕೆ ಬಳಸುವ ನಂಪೈ ಅನ್ನುವ ಲೈಬ್ರರಿ ಇಂಪೋರ್ಟ್ ಮಾಡಿದರೆ ಪರದೆ ತುಂಬ ಎರರ್. "ನನಗೆ ಕೋಡಿಂಗ್ ತಲೆಗೆ ಹತ್ತಲ್ಲ ಅನ್ಸುತ್ತೆ ಅಂಕಲ್" ಅಂದಳು. ಅಂಕಲ್ ಅಂದಿದ್ದನ್ನು ಅಲ್ಲೇ ಕ್ಷಮಿಸಿದೆ. ಉಳಿದ ಮಾತಿಗೆ ಮೈ ಉರಿಯಿತು.

ಯಾಕೆಂದರೆ ಅವಳು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಪ್ರಾಜೆಕ್ಟಿಗೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಅದರದ್ದೇ ಲೈಬ್ರರಿಗಳಿರುವ ಪ್ರತ್ಯೇಕ ಜಾಗ, ಮಾಡಿದ್ದಳು. ಅದರೊಳಗೆ ಪಿಪ್‌ನಿಂದ (ಪೈಥಾನ್ ಲೈಬ್ರರಿ ಹಾಕಿಕೊಡುವ ಕಮಾಂಡ್) ನಂಪೈ ಹಾಕಿದ್ದಳು. ಆದರೂ ಓಡುತ್ತಿಲ್ಲ. ಕೊನೆಗೆ, ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದಾಗಲೆಲ್ಲ ಓಡುವ ಬ್ಯಾಶ್‌ಆರ್‌ಸಿ ಫೈಲ್ ತೆಗೆದು ನೋಡಿದರೆ, ಮ್ಯಾನ್ಯುಯಲ್ ಹೇಳಿದ್ದ ಒಂದು ಸಾಲು ಹಾಯಾಗಿ ಕೂತಿತ್ತು. ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅಂತ ಪೈಥಾನ್‌ಗೆ ಹೇಳುವ ಪೈಥಾನ್‌ಪಾಥ್ ಅನ್ನುವ ವೇರಿಯಬಲ್. ಅದರಲ್ಲಿ ಪೈಥಾನ್ 3.10ರ ಲೈಬ್ರರಿ ಫೋಲ್ಡರಿನ ವಿಳಾಸ. ಅದು ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 22.04 ಆವೃತ್ತಿಯ ಕಾಲದ್ದು. ಇವಳು 24.04ಕ್ಕೆ ಬಂದಿದ್ದಾಳೆ, ಅಲ್ಲಿರುವುದು 3.12. ನಂಪೈ ಒಳಗೆ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಭಾಗಗಳಿವೆ. 3.10ಕ್ಕೆ ಕಂಪೈಲ್ ಆದದ್ದನ್ನು 3.12 ಲೋಡ್ ಮಾಡುವುದಿಲ್ಲ. ಪೈಥಾನ್ ಲೈಬ್ರರಿ ಹುಡುಕುವಾಗ ಮೊದಲು ಪ್ರೋಗ್ರಾಮ್ ಇರುವ ಫೋಲ್ಡರ್ ನೋಡುತ್ತದೆ, ಆಮೇಲೆ ಪೈಥಾನ್‌ಪಾಥ್. ವರ್ಚುವಲ್ ಎನ್ವಿರಾನ್‌ಮೆಂಟಿನ ಲೈಬ್ರರಿಗಳ ಸರದಿ ಬರುವುದು ಕೊನೆಗೆ. ಪಾಪ, ಇವಳು ಹಾಕಿದ ಹೊಸ ನಂಪೈ ಸಾಲಿನ ಹಿಂದೆ ನಿಂತೇ ಇತ್ತು.

ಬ್ಯಾಶ್‌ಆರ್‌ಸಿಯ ಆ ಸಾಲು ಅಳಿಸಿ ಹೊಸ ಟರ್ಮಿನಲ್ ತೆರೆದೆವು. ಓಡಿತು.

ನನ್ನ ತಕರಾರು ಇಷ್ಟೇ. ಒಂದು ಪ್ರಾಜೆಕ್ಟಿಗೆ ಬೇಕಾದ ವೇರಿಯಬಲ್ಲನ್ನು ಬ್ಯಾಶ್‌ಆರ್‌ಸಿಗೆ ಯಾಕೆ ಹಾಕಿಸುತ್ತೀರಿ? ಅಲ್ಲಿ ಹಾಕಿದ್ದು ಅವತ್ತಿನಿಂದ ತೆರೆಯುವ ಪ್ರತಿ ಟರ್ಮಿನಲ್‌ಗೂ ಅನ್ವಯ. ನಮ್ಮ ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಒಂದು ಗದ್ದೆಗೆ ನೀರು ಬೇಕು ಅಂತ ನಾಲೆಯ ತೂಬನ್ನೇ ಪೂರ್ತಿ ಎತ್ತಿ ಮನೆಗೆ ಹೋಗಿ ಮಲಗಿದರೆ ಊರಿನವರು ಸುಮ್ನೆ ಬಿಡುತ್ತಾರಾ?

ಅದೇ ಮ್ಯಾನ್ಯುಯಲ್‌ನ ಮುಂದಿನ ಪುಟದಲ್ಲಿ ಇನ್ನೊಂದು ರತ್ನ. ಪಿಪ್ ತಕರಾರು ಮಾಡಿದರೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅಂತ ಸೇರಿಸಿ ಮತ್ತೆ ಓಡಿಸಿ. ಸ್ವಾಮಿ, ಆ ತಡೆ ಸುಮ್ನೆ ಬಂದದ್ದಲ್ಲ. ಸಿಸ್ಟಮ್ಮಿನ ಪೈಥಾನ್ ನೋಡಿಕೊಳ್ಳುವುದು ಸಾಫ್ಟ್‌ವೇರ್ ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್ ಆಪ್ಟ್‌ನ ಕೆಲಸ, ಪಿಪ್ ಅಲ್ಲಿ ಕೈ ಹಾಕಬಾರದು ಅಂತ ಪೆಪ್ 668 ಅನ್ನುವ ಪೈಥಾನ್ ಪ್ರಸ್ತಾವದಲ್ಲಿ ದಾರಿ ಮಾಡಿದರು. 2023ರಲ್ಲಿ ಬಂದ, ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12ರಲ್ಲೂ ಅದು ಜಾರಿಗೆ ಬಂತು. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಅಂತ ಆ ಎರರ್ ಮೆಸೇಜೇ ಕಮಾಂಡ್ ಸಮೇತ ಹೇಳುತ್ತದೆ. ಹೀಗೆ ಮೀರಿದರೆ ಸಿಸ್ಟಮ್ ಕೆಡಬಹುದು ಅಂತಲೂ ಎಚ್ಚರಿಸುತ್ತದೆ. ಮ್ಯಾನ್ಯುಯಲ್ ಬರೆದವರು ಸಲಹೆ ಬಿಟ್ಟು, ಎಚ್ಚರಿಕೆ ಬಿಟ್ಟು, ಮೀರುವ ಉಪಾಯವನ್ನಷ್ಟೇ ಆರಿಸಿಕೊಂಡಿದ್ದಾರೆ. ಏನು ಕಣ್ಣು!

"ಲ್ಯಾಬ್‌ನಲ್ಲಿ ನೆಟ್ ನಿಧಾನ, ಅರವತ್ತು ಮಕ್ಕಳು ಒಂದೊಂದು ಎನ್ವಿರಾನ್‌ಮೆಂಟ್ ಮಾಡಿಕೊಂಡು ಕೂತರೆ ಪಿರಿಯಡ್ಡೇ ಮುಗಿಯುತ್ತದೆ" ಅಂತ ಪರಿಚಯದ ಲೆಕ್ಚರರ್ ಒಬ್ಬರು ವಾದಿಸಿದರು. ನೆಟ್ ನಿಧಾನ ಅನ್ನುವುದು ನಿಜ. ಅದಕ್ಕೂ ದಾರಿ ಇದೆ. ಪಿಪ್ ಡೌನ್‌ಲೋಡ್ ಅಂತ ಒಂದು ಸಲ ಎಲ್ಲ ಫೈಲ್ ಇಳಿಸಿ ಲ್ಯಾಬ್ ಸರ್ವರಿನ ಫೋಲ್ಡರಿಗೆ ಹಾಕಿ. ಅಲ್ಲಿಂದಲೇ ಇನ್‌ಸ್ಟಾಲ್ ಮಾಡು, ಹೊರಗೆ ಹೋಗಬೇಡ ಅಂತ ಪಿಪ್‌ಗೆ ಹೇಳಬಹುದು. ಇಷ್ಟು ಹೇಳಿದ ಮೇಲೆ ಅವರು ಹವಾಮಾನದ ಬಗ್ಗೆ ಮಾತಾಡತೊಡಗಿದರು.

ಈ ವೇರಿಯಬಲ್‌ಗಳನ್ನು ಮನುಷ್ಯರು ಕೈಯಲ್ಲಿ ಬರೆಯಲೇಬಾರದು ಅನ್ನುವವನು ನಾನು. ನಾನು ಬಳಸುವ ಪ್ಯಾಕೇಜ್ ಮ್ಯಾನೇಜರ್ ಗ್ನೂ ಗೀಕ್ಸ್‌ನಲ್ಲಿ, ಲೈಬ್ರರಿಗಳನ್ನು ಯಾವ ವೇರಿಯಬಲ್‌ನಲ್ಲಿ ಹುಡುಕಬೇಕು ಅನ್ನುವುದು ಆಯಾ ಭಾಷೆಯ ಪ್ಯಾಕೇಜಿನಲ್ಲೇ ಬರೆದಿರುತ್ತದೆ. ಪರ್ಲ್ ಭಾಷೆಗೆ ಪರ್ಲ್5ಲಿಬ್, ಹೀಗೆ. ಗೀಕ್ಸ್ ಶೆಲ್ ಅಂತ ಬರೆದು ಮುಂದೆ ಪೈಥಾನ್, ನಂಪೈ ಅಂದರೆ ಸಾಕು. ಬೇಕಾದ ವೇರಿಯಬಲ್ ಆ ಶೆಲ್‌ನಲ್ಲಿ ಮಾತ್ರ ಸೆಟ್ ಆಗುತ್ತದೆ. ಎಕ್ಸಿಟ್ ಅಂದರೆ ಹೋಯಿತು. ಹಿಂದೆ ಗೀಕ್ಸ್‌ನವರೂ ಪೈಥಾನ್‌ಪಾಥನ್ನೇ ಬಳಸುತ್ತಿದ್ದರು. ಅದು ಬೇರೆ ಪೈಥಾನ್‌ಗಳ ಮೇಲೂ ಪರಿಣಾಮ ಬೀರುತ್ತದೆ ಅಂತ ಬಿಟ್ಟು, ಗೀಕ್ಸ್ ಪೈಥಾನ್‌ಪಾಥ್ ಅಂತ ತಮ್ಮದೇ ಬೇರೆ ಮಾಡಿಕೊಂಡರು. ಪ್ಯಾಕೇಜ್ ಮ್ಯಾನೇಜರ್ ಬರೆಯುವವರೇ ಹೆದರಿ ಕೈಬಿಟ್ಟದ್ದನ್ನು ಇಂಜಿನಿಯರಿಂಗ್ ಮಕ್ಕಳ ಕೈಗೆ ಕೊಡುತ್ತೀರಲ್ಲ, ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು.

ಎಲ್ಲರೂ ಗೀಕ್ಸ್ ಬಳಸಿ ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಹೇಳುತ್ತೇನೆ, ಇವತ್ತು ಹೇಳುತ್ತಿಲ್ಲ.

ಇಷ್ಟು ಸಣ್ಣದಕ್ಕೆ ಇಷ್ಟು ಕೋಪವಾ ಅಂತ ಮನೆಯಲ್ಲೂ ಕೇಳಿದರು. ನಾನು ಕನ್ನಡ ಮೀಡಿಯಂನಿಂದ ಬಂದವನು. ಪರದೆ ಮೇಲೆ ಕೆಂಪು ಇಂಗ್ಲಿಷ್ ಸಾಲು ಕಂಡರೆ ತಪ್ಪು ನನ್ನದೇ ಇರಬೇಕು ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ, ಯಾರನ್ನೂ ಕೇಳದೆ. ಇವತ್ತು ಆ ಹುಡುಗಿಯ ಮುಖದಲ್ಲಿ ಅದೇ ಇತ್ತು.

ಮೈಸೂರು, ಮಂಡ್ಯದ ಯಾವ ಕಾಲೇಜಿನವರು ಕರೆದರೂ ಶನಿವಾರ ಬಂದು ಮ್ಯಾನ್ಯುಯಲ್ ತಿದ್ದಿಕೊಡುತ್ತೇನೆ. ದುಡ್ಡು ಬೇಡ. ಶಾಲು, ಪೇಟ ಖಂಡಿತ ಬೇಡ. ಪ್ರೊಜೆಕ್ಟರ್ ಒಂದು ಕೆಲಸ ಮಾಡುವಂತೆ ನೋಡಿಕೊಳ್ಳಿ.